ಏನೂ ಇಲ್ಲದ ನೀರು

ಕಂತು ೯

ಏಳನೆಯ ಕೊಳವೆಯ ನೀರು ಬಣ್ಣ ತಿರುಗತೊಡಗಿದಾಗ ಕೆಮಿಸ್ಟ್ ಶ್ರೀಕರನ ಕೈ ಗಾಳಿಯಲ್ಲೇ ನಿಂತುಹೋಯಿತು.

ಲಿಖಿತಾ ಅದನ್ನು ನೋಡಿದಳು. ತೊಳೆಯುವ ತೊಟ್ಟಿಯ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು ಅವಳು. ಸಾಗರದ ಈ ಪುಟ್ಟ ಪ್ರಯೋಗಾಲಯದಲ್ಲಿ ಒಂಬತ್ತು ವರ್ಷದಿಂದ ಅವಳ ಜಾಗ ಅದೇ. ಅಲ್ಲಿ ನಿಂತರೆ ಎಲ್ಲರ ಕೈಗಳೂ ಕಾಣುತ್ತವೆ. ಅವಳು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲ ಆರು ಕೊಳವೆಗಳು ತಿಳಿ ನೇರಳೆಯಾಗಿದ್ದವು. ಅವು ಹೊಸನಗರದ ಕಡೆಯ ಗುಬ್ಬಿಹಕ್ಲಿನ ಒರತೆಯ ನೀರು. ಅದರಲ್ಲಿ ಕ್ರೋಮಿಯಂ ಎಂಬ ವಿಷವಿದೆಯೆಂದು ಈ ಪ್ರಯೋಗಾಲಯ ನಡೆಸುವ ಡಾಕ್ಟರ್ ಮಂಜುಶ್ರೀ ಮೊದಲೇ ವರದಿ ಬರೆದಿದ್ದರು. ಔಷಧಿಯ ಹನಿ ಬಿದ್ದರೆ ಕ್ರೋಮಿಯಂ ಇರುವ ನೀರು ನೇರಳೆಯಾಗುತ್ತದೆ. ಇಲ್ಲದ ನೀರು ಇದ್ದ ಹಾಗೇ ಇರುತ್ತದೆ.

ಏಳನೆಯದು ಇದ್ದ ಹಾಗೇ ಇರಬೇಕಿತ್ತು. ಅದು ಬ್ಲಾಂಕ್. ಪ್ರಯೋಗಾಲಯದಲ್ಲೇ ಬಟ್ಟಿ ಇಳಿಸಿದ ಶುದ್ಧ ನೀರು. ಉಳಿದ ಬಾಟಲಿಗಳ ಜೊತೆ ಜೀಪಿನಲ್ಲಿ ಹೋಗಿ, ಮುಚ್ಚಳವನ್ನೇ ತೆಗೆಯದೆ ವಾಪಸು ಬರುತ್ತದೆ. ನಮ್ಮ ಬಾಟಲಿಯಲ್ಲಿ ಕೊಳೆಯಿರಲಿಲ್ಲ, ನಮ್ಮ ಕೈಯಲ್ಲಿ ಕೊಳೆಯಿರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಆ ಸಾಕ್ಷಿ ಈಗ ಎಲ್ಲರ ಕಣ್ಣೆದುರು ನೇರಳೆಯಾಯಿತು. ಅಲ್ಲಿಗೂ ನಿಲ್ಲದೆ ಕಪ್ಪಾಗುತ್ತ ಹೋಯಿತು.

ಶ್ರೀಕರನ ಮುಖದ ರಕ್ತ ಒಂದು ಗಳಿಗೆ ಇಳಿದುಹೋಯಿತು. ಮರುಗಳಿಗೆ ಅವನು ನಕ್ಕ.

"ನೋಡಿದ್ರಲ್ಲ ಸರ್. ಇಷ್ಟೇ ವಿಷಯ."

ಸಬ್‌ಇನ್‌ಸ್ಪೆಕ್ಟರ್ ವಿನೋದ್ ಕೊಳವೆಯನ್ನು ಬೆಳಕಿಗೆ ಹಿಡಿದರು. ತೀರ್ಥಹಳ್ಳಿಯವರು, ಹೊಸನಗರ ಠಾಣೆಗೆ ಬಂದು ಆರು ತಿಂಗಳು. "ಎಂತ ಅದು? ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ. ನಂಗೆ ಕೆಮಿಸ್ಟ್ರಿ ಪಿಯುಸೀಲೇ ಕೈ ಕೊಟ್ಟಿದ್ದು."

"ಈ ಏಳನೇದ್ರಲ್ಲಿ ಏನೂ ಇರಬಾರ್ದು ಸರ್. ಒರತೆಗಿಂತ ಜಾಸ್ತಿ ಇದೆ. ಅಂದ್ರೆ ವಿಷ ಒರತೇಲಿಲ್ಲ, ನಮ್ಮ ಬಾಟ್ಲಿಗಳಲ್ಲಿದೆ. ಪಾತ್ರೇನೇ ಕೊಳೆ ಆದ್ರೆ ಪಾಯಸದ ರುಚಿ ನೋಡಿ ಎಂತ ಮಾಡೋದು?"

ವಿನೋದರ ಕಣ್ಣು ತಿರುಗಿತು. "ಬಾಟ್ಲಿ ತೊಳೆಯೋದು ಯಾರು?"

ಲಿಖಿತಾ ಸೆರಗಿನಂತೆ ಹೊದ್ದಿದ್ದ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಎಷ್ಟು ಬಿಗಿಯಾಗಿ ಸುತ್ತಿದಳೆಂದರೆ ಬೆರಳ ತುದಿ ಬಿಳುಚಿತು.

ಮೂರು ದಿನದ ಹಿಂದೆ, ಇನ್ನೊಮ್ಮೆ ಪರೀಕ್ಷಿಸಲೆಂದು ಇದೇ ಏಳು ಬಾಟಲಿಗಳೊಂದಿಗೆ ಹೋದ ಮಂಜುಶ್ರೀ ಮೇಡಂ ಒರತೆಯ ಬಳಿ ವಾಂತಿ ಮಾಡಿಕೊಂಡು ಕುಸಿದು, ಕಲ್ಲಿಗೆ ತಲೆ ಬಡಿದು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಾಟಲಿಗಳಿದ್ದ ಫ್ರಿಜ್ಜಿಗೆ ಅವತ್ತೇ ಸೀಲು ಹಾಕಿಸಿದವರು ವಿನೋದ್. ಇವತ್ತು ಸೀಲು ಒಡೆದದ್ದೂ ಅವರ ಎದುರಿಗೇ. ಮಧ್ಯೆ ಯಾರೂ ಮುಟ್ಟಿಲ್ಲ.

ಶ್ರೀಕರ ಹಿಂದಿನ ಬೀರು ತೆರೆದು ಕಂದು ಗಾಜಿನ ಜಾಡಿಯೊಂದನ್ನು ತಂದು ಮೇಜಿನ ಮೇಲಿಟ್ಟ. ಒಳಗೆ ಕಿತ್ತಳೆ ಬಣ್ಣದ ಹರಳುಗಳು.

"ಇದು ಕ್ರೋಮಿಯಂ ಇರೋ ಹರಳು ಸರ್. ಹಿಂದೆ ಇದನ್ನ ಆಸಿಡ್ಡಲ್ಲಿ ಕಲಸಿ ಗಾಜು ತೊಳೀತಿದ್ರು. ಕನ್ನಡಿ ಹಾಗೆ ಹೊಳೆಯತ್ತೆ. ಎಂಟು ವರ್ಷದ ಹಿಂದೆ ಮೇಡಂ ಬೇಡ ಅಂತ ನಿಲ್ಸಿದ್ರು. ಇಲ್ನೋಡಿ, ಅವತ್ತು ಅವರೇ ಹಾಕಿದ ಗೆರೆ."

ಜಾಡಿಯ ಮೈಮೇಲೆ ಮೇಡಂನ ಕೈಬರಹ, ತಾರೀಕು, ಒಂದು ಅಡ್ಡಗೆರೆ. ಹರಳು ಗೆರೆಗಿಂತ ಒಂದು ಬೆರಳು ಕೆಳಗಿತ್ತು.

"ಬೀರಿನ ಬೀಗದ ಕೈ?"

"ನನ್ನ ಹತ್ರ ಒಂದು. ಬೆಳಿಗ್ಗೆ ಬಾಗಿಲು ತೆಗೆಯೋಳು ಇವಳಲ್ವಾ, ಇವಳ ಹತ್ರ ಒಂದು." ಶ್ರೀಕರ ದನಿ ತಗ್ಗಿಸಿದ. "ಪಾಪದ ಹುಡುಗಿ ಸರ್. ಒಂಬತ್ನೇ ಕ್ಲಾಸಿಗೆ ಶಾಲೆ ಬಿಟ್ಟೋಳು. ಬೇಗ ಹೊಳೀಲಿ ಅಂತ ಹಾಕಿರ್ತಾಳೆ. ಕೇಡು ಬಗೆಯೋಳಲ್ಲ."

ಇಲ್ಲ ಅನ್ನಬೇಕಿತ್ತು. ಲಿಖಿತಾಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಹೊಸಬರ ಮುಂದೆ ಅವಳಿಗೆ ಯಾವತ್ತೂ ಹಾಗೇ. ಶಾಲೆಯಲ್ಲೂ ಹಾಜರಿ ಕರೆದಾಗ ಅವಳ ಪರವಾಗಿ ಪಕ್ಕದ ಹುಡುಗಿ ಕೂಗುತ್ತಿದ್ದಳು.

"ಹಾಗಾದ್ರೆ ಮಂಜುಶ್ರೀ ಅವರ ವರದಿ?" ವಿನೋದ್ ಕೇಳಿದರು.

"ನಿಲ್ಲಲ್ಲ ಸರ್. ವಾಪಸ್ ತಗೊಳ್ಳೋ ಪತ್ರ ನಾಲ್ಕು ಗಂಟೆಗೆ ರೆಡಿ ಇರುತ್ತೆ. ಪಂಚಾಯ್ತಿಯವ್ರು ಆ ಒರತೆ ನೀರಿನ ಟ್ಯಾಂಕನ್ನ ಇವತ್ತು ಸಂಜೇನೇ ಮತ್ತೆ ಬಿಡಬಹುದು. ಜನ ಪಾಪ ಹನ್ನೆರಡು ದಿನದಿಂದ ನೀರಿಲ್ದೆ ಸಾಯ್ತಿದಾರೆ."

ವಿನೋದ್ ಹೊರಡುವಾಗ ಚೀಟಿಯೊಂದರಲ್ಲಿ ನಂಬರ್ ಬರೆದು ತೊಟ್ಟಿಯ ಕಟ್ಟೆಯ ಮೇಲಿಟ್ಟರು. "ನಾಲ್ಕಕ್ಕೆ ಬರ್ತೀನಿ. ಅಷ್ಟರಲ್ಲಿ ಎಂತಾದ್ರೂ ನೆನಪಾದ್ರೆ ಫೋನ್ ಮಾಡಮ್ಮ. ಬೈಯಲ್ಲ ನಾನು."

ಅವರ ಬೂಟಿನ ಸದ್ದು ಬೀದಿಗಿಳಿಯಿತು. ಗೋಡೆಯ ಗಡಿಯಾರದಲ್ಲಿ ಎರಡೂವರೆ.

"ಹೆದರ್ಬೇಡ," ಶ್ರೀಕರ ಮೆತ್ತಗೆ ಹೇಳಿದ. "ತಪ್ಪಾಯ್ತು, ಮರೆತು ಹಾಕಿದೆ ಅಂತ ಒಂದು ಮಾತು ಒಪ್ಕೊಂಡ್ಬಿಡು. ಪೊಲೀಸ್ ಗಿಲೀಸ್ ಎಲ್ಲ ನಾನು ನೋಡ್ಕೋತೀನಿ. ಈಗ ಈ ಕೊಳವೆ, ಬಾಟ್ಲಿ ಎಲ್ಲ ತೊಳ್ದಿಡು. ಮೇಜು ಖಾಲಿ ಇರ್ಲಿ."

ಅವನು ಮಹಡಿ ಹತ್ತಿದ. ಸ್ವಲ್ಪ ಹೊತ್ತಿಗೆ ಮೇಲಿಂದ ಪ್ರಿಂಟರಿನ ಕಿರುಗುಟ್ಟುವ ಸದ್ದು ಶುರುವಾಯಿತು. ಹಳೆಯ ಪ್ರಿಂಟರ್. ಒಂದು ಪುಟ ಹೊರಬರುವಷ್ಟರಲ್ಲಿ ನಾಲ್ಕು ಸಲ ಕೆಮ್ಮುತ್ತದೆ.

ಲಿಖಿತಾಳಿಗೆ ತನ್ನ ಮೇಲೇ ಅನುಮಾನ ಬಂತು. ಒಳ್ಳೆಯವನೇ ಶ್ರೀಕರ. ಮೇಡಂ ಗುಬ್ಬಿಹಕ್ಲಿಗೆ ಹೊರಟ ಆ ದಿನ ಅವಳ ಬಸ್ಸು ತಡವಾದಾಗ, ಮೇಡಂನ ಬುತ್ತಿ ಚೀಲ, ಕೊಡೆ, ನೀರಿನ ಫ್ಲಾಸ್ಕು ಎಲ್ಲ ತಾನೇ ಸಿದ್ಧ ಮಾಡಿಟ್ಟಿದ್ದ. ಒಂದು ಮಾತು ಬೈದಿರಲಿಲ್ಲ. ಅಂಥವನು ಸುಮ್ಮನೆ ಯಾಕೆ ಹೇಳುತ್ತಾನೆ? ತನ್ನ ಕೈಯೇ ಎಲ್ಲೋ ತಪ್ಪಿತೇ?

ಅಕ್ಕ ಆಶಾ ನಿನ್ನೆಯಷ್ಟೇ ಫೋನ್ ಮಾಡಿದ್ದಳು. ಗುಬ್ಬಿಹಕ್ಲಿಗೆ ಕೊಟ್ಟ ಅಕ್ಕ. ಈಗ ಏಳು ತಿಂಗಳ ಬಸುರಿ. "ಟ್ಯಾಂಕರ್ ನೀರು ಮನೆಗೆ ಎರಡೇ ಕೊಡ ಕಣೆ. ಬಾಯಾರಿಕೆ ಅಂದ್ರೆ ಬಾಯಾರಿಕೆ ಮಾರಾಯ್ತಿ, ಒಳಗಿರೋದು ಮೀನೋ ಮಗುವೋ ಗೊತ್ತಾಗ್ತಿಲ್ಲ. ಆ ಟ್ಯಾಂಕ್ ಯಾವಾಗ ಬಿಡ್ತಾರೆ ಕೇಳು ನಿಮ್ಮ ಮೇಡಂ ಹತ್ರ."

ಸಂಜೆ ಟ್ಯಾಂಕ್ ಬಿಟ್ಟರೆ ಮೊದಲ ಕೊಡ ಹಿಡಿಯುವವಳು ಅವಳೇ.

ಲಿಖಿತಾ ಏಳನೆಯ ಬಾಟಲಿಯನ್ನು ಎತ್ತಿಕೊಂಡಳು. ಮಾಸಲು ಬಿಳಿಯ ಪ್ಲಾಸ್ಟಿಕ್ ಬಾಟಲಿ. ಇನ್ನೂ ಮುಕ್ಕಾಲು ತುಂಬಿತ್ತು. ಒಂದು ಕೈ ನಲ್ಲಿಯ ಮೇಲಿತ್ತು. ತಿರುಗಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಒಂಬತ್ತು ವರ್ಷದಿಂದ ಯಾರು ಏನು ಕೊಟ್ಟರೂ ತೊಳೆದಿಟ್ಟವಳು ಅವಳು.

ಕೈ ತಿರುಗಲಿಲ್ಲ.

ಬಾಟಲಿಯೇ ಪ್ಲಾಸ್ಟಿಕ್ಕಿನದು. ಆ ಹರಳಿನ ಆಸಿಡ್ ಇದ್ದದ್ದು ಗಾಜು ತೊಳೆಯಲು. ಪ್ಲಾಸ್ಟಿಕ್ಕಿಗೆ ಅದನ್ನು ಯಾರಾದರೂ ಹಾಕುತ್ತಾರೆಯೇ? ತೊಳೆಯುವವಳಿಗೆ ಗೊತ್ತಿರುವುದು ಕಲಿತವನಿಗೆ ಗೊತ್ತಿಲ್ಲವೇ?

'ಸ್ಟೀಲಿನ ಪಾತ್ರೇಲಿ ನೀರು ನೋಡ್ಬೇಡ ಲಿಖಿತಾ,' ಮೇಡಂ ಮೊದಲ ವಾರವೇ ಹೇಳಿದ್ದರು. 'ಸ್ಟೀಲು ಎಲ್ಲ ಮುಚ್ಚಿಡುತ್ತೆ. ಬಿಳಿ ಪಿಂಗಾಣಿಗೆ ಹಾಕು. ನೀರು ಅಲ್ಲಿ ಸುಳ್ಳು ಹೇಳಲ್ಲ.'

ಇಪ್ಪತ್ತಾರು ವರ್ಷ ಹೀಗೆ ನೀರನ್ನು ನೋಡುತ್ತ ಬಂದವರು ಮಂಜುಶ್ರೀ ಮೇಡಂ. ಸೇತುವೆ ಬರುವ ಎಷ್ಟೋ ಮೊದಲು, ತುಮರಿಯ ಲಾಂಚಿನಲ್ಲಿ ಬಾಟಲಿಗಳ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹಿನ್ನೀರು ದಾಟುತ್ತಿದ್ದರಂತೆ. ಕೆಳದಿಯ ಕಡೆಯ ಬೋರ್‌ವೆಲ್ಲುಗಳ ಕಬ್ಬಿಣ, ತೀರ್ಥಹಳ್ಳಿಯಲ್ಲಿ ತುಂಗೆಗೆ ಸೇರುವ ಚರಂಡಿ, ಬೆಳೆಗೆ ಹೊಡೆದು ಹಳ್ಳಕ್ಕಿಳಿಯುವ ಮೈಲುತುತ್ತ, ಎಲ್ಲ ಅವರ ನೋಟ್‌ಬುಕ್ಕುಗಳಲ್ಲಿತ್ತು. ದೊಡ್ಡ ಊರುಗಳ ಕೆಲಸ ಬಿಟ್ಟು ಇಲ್ಲಿ ಯಾಕೆ ಕೂತಿರಿ ಎಂದರೆ, ಮೇಲಿನ ನೀರು ಕೆಟ್ಟರೆ ಕೆಳಗಿನವರು ಏನು ನೋಡಿ ಏನು ಮಾಡೋದು ಅನ್ನುತ್ತಿದ್ದರು. ಕಿತ್ತಳೆ ಹರಳಿನ ಜಾಡಿಯನ್ನು ಎಂಟು ವರ್ಷ ಬೀರಿನಲ್ಲೇ ಇಟ್ಟದ್ದೂ ಅದಕ್ಕೇ. 'ಎಲ್ಲಿಗೆ ಚೆಲ್ಲೋದು ಹೇಳು. ಎಲ್ಲಿ ಚೆಲ್ಲಿದ್ರೂ ಯಾರದೋ ಬಾವಿಗೇ ಹೋಗತ್ತೆ.'

ಈ ಸಲ ಬೇರೆ ಯಾರೋ ಚೆಲ್ಲಿದ್ದರು. ಗುಬ್ಬಿಹಕ್ಲಿನ ಮೇಲಿನ ಹಾಳು ಕಲ್ಲುಕ್ವಾರಿಗೆ ಘಟ್ಟದ ಕೆಳಗಿನಿಂದ ಕಾರ್ಖಾನೆಯ ಕೊಳೆನೀರು ಹೊತ್ತ ಟ್ಯಾಂಕರುಗಳು ಬರುತ್ತಿವೆ ಎಂದು ಮೇಡಂ ಬರೆದದ್ದೇ ಆ ವರದಿಯಲ್ಲಿ. ವರದಿ ಬಿದ್ದರೆ ಕ್ವಾರಿಯೂ ಉಳಿಯುತ್ತದೆ, ಟ್ಯಾಂಕರುಗಳೂ ಉಳಿಯುತ್ತವೆ.

ಲಿಖಿತಾ ಪಿಂಗಾಣಿ ಬಟ್ಟಲಿಗೆ ಏಳನೆಯ ಬಾಟಲಿಯ ನೀರನ್ನು ಸುರಿದಳು.

ಹಳದಿ. ಮಾಸಲು ಬಾಟಲಿಯಲ್ಲಿ ಕಾಣದಿದ್ದ ಹಳದಿ ಬಿಳಿಯ ಮೇಲೆ ಎದ್ದು ಕಂಡಿತು.

ಅವಳು ಮೂರು ಗಾಜಿನ ಪಟ್ಟಿಗಳನ್ನು ತೆಗೆದುಕೊಂಡಳು. ಒಂದರ ಮೇಲೆ ಬಟ್ಟಿ ಇಳಿಸಿದ ನೀರಿನ ಹನಿ. ಒಂದರ ಮೇಲೆ ಒರತೆಯದು. ಒಂದರ ಮೇಲೆ ಏಳನೆಯದು. ಮೂರನ್ನೂ ಬಿಸಿ ತಟ್ಟೆಯ ಮೇಲಿಟ್ಟು ಉಸಿರು ಹಿಡಿದು ನಿಂತಳು. ಇದು ಯಾರೂ ಕಲಿಸಿದ್ದಲ್ಲ. ತೊಳೆದ ಪಾತ್ರೆ ಆರಿದ ಮೇಲೆ ಏನು ಉಳಿಯುತ್ತದೆ ಎಂದು ದಿನಾ ನೋಡುವವಳಿಗೆ ತಾನಾಗಿ ಬಂದದ್ದು.

ಮೇಲೆ ಪ್ರಿಂಟರ್ ಕೆಮ್ಮಿತು. ಶ್ರೀಕರ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. "ಸಂಜೆಯೊಳಗೆ ಮುಗೀತದೆ. ನೀವು ಪದೇ ಪದೇ ಮಾಡ್ಬೇಡಿ."

ಹನಿಗಳು ಆರಿದವು. ಮೊದಲ ಪಟ್ಟಿಯ ಮೇಲೆ ಏನೂ ಇಲ್ಲ. ಎರಡನೆಯದರ ಮೇಲೆ ಕೆಮ್ಮಣ್ಣಿನ ಒಂದು ನೆರಳು, ಅಷ್ಟೇ.

ಮೂರನೆಯದರ ಮೇಲೆ ಹಳದಿ. ಅದರ ಸುತ್ತ ದಪ್ಪಗೆ ಬಿಳಿಯ ಉಂಗುರ.

ಕೊಳೆ ಬಾಟಲಿಗೆ ಶುದ್ಧ ನೀರು ತುಂಬಿದ್ದರೆ ಬರೀ ಹಳದಿ ಉಳಿಯಬೇಕಿತ್ತು. ಶುದ್ಧ ನೀರಿಗೆ ಉಂಗುರ ಕಟ್ಟುವುದಿಲ್ಲ. ಹಾಗಾದರೆ ಇದರೊಳಗಿರುವುದು ತಾನು ತುಂಬಿಸಿ ಕಳಿಸಿದ ನೀರೇ ಅಲ್ಲ. ಯಾರೋ ಅದನ್ನು ಚೆಲ್ಲಿ ಬೇರೆ ನೀರು ತುಂಬಿದ್ದಾರೆ. ಒರತೆಯ ನೀರೂ ಅಲ್ಲ. ಒರತೆ ಇಷ್ಟು ದಪ್ಪ ಉಂಗುರ ಕಟ್ಟುವುದಿಲ್ಲ.

ಈ ಉಂಗುರವನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲೋ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. ಎಲ್ಲಿ?

ಹೊರಗೆ ಜೀಪು ನಿಂತ ಸದ್ದು.

ದುಗ್ಗಪ್ಪ ಒಳಗೆ ಬಂದ. ಐವತ್ತೈದರ ಆಸುಪಾಸಿನ ಗಟ್ಟಿ ಆಳು. ಹದಿನೆಂಟು ವರ್ಷದಿಂದ ಮೇಡಂನ ಜೀಪು ಅವನ ಕೈಯಲ್ಲಿ. ಶಿವಮೊಗ್ಗದ ಆಸ್ಪತ್ರೆಯಿಂದ ಬರುತ್ತಿದ್ದ. ಮೂರು ದಿನದಲ್ಲಿ ಅವನ ಗಡ್ಡದ ಬಿಳಿ ಕೂದಲೆಲ್ಲ ಹೊರಗೆ ಬಂದಿತ್ತು.

"ಹೆಂಗಿದಾರೆ ದುಗ್ಗಪ್ಪಣ್ಣ?"

"ಎಂತ ಹೇಳ್ಲಿ ತಂಗಿ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಕಣ್ಣು ಬಿಟ್ಟಿಲ್ಲ. ಈಗ ಕಿಡ್ನಿ ಕೈ ಕೊಡ್ತಾ ಇದಾವಂತೆ. ತಲೆಗೆ ಪೆಟ್ಟು ಬಿದ್ರೆ ಕಿಡ್ನಿ ಯಾಕೆ ಹೋಗ್ತದೆ ಅಂತ ಡಾಕ್ಟ್ರಿಗೇ ತಿಳೀತಿಲ್ಲ. ಎಂತಾದ್ರೂ ತಿಂದಿದ್ರಾ ಅಂತ ನನ್ನ ಕೇಳ್ತಾರೆ."

ಲಿಖಿತಾ ಏಳನೆಯ ಬಾಟಲಿಯನ್ನು ಅವನ ಮುಂದೆ ಹಿಡಿದಳು.

"ಅಣ್ಣಾ, ಇದರ ಮುಚ್ಚಳ ತೆಗೆದೋರು ಯಾರು?"

ಅವನ ಟವೆಲು ನಿಂತಿತು. "ಯಾವುದ್ರದ್ದು?"

"ಬ್ಲಾಂಕಿಂದು. ಬರೀ ನೀರಿನ ಬಾಟ್ಲಿ."

"ನಂಗೆಂತ ಗೊತ್ತು. ಪೆಟ್ಟಿಗೆ ಹೊರೋದು ನನ್ನ ಕೆಲ್ಸ. ಬಾಟ್ಲಿ ಮುಟ್ಟೋದಲ್ಲ."

"ಮೇಡಂ ಇದನ್ನ ತೆಗೆಯಲ್ಲ. ಪ್ರಾಣ ಹೋದ್ರೂ ತೆಗೆಯಲ್ಲ. ಉಳಿದಿದ್ದು ನೀನೊಬ್ಬ."

"ಎಂತ ಮಾತಾಡ್ತೀಯೇ ನೀನು?" ದುಗ್ಗಪ್ಪನ ದನಿ ಏರಿತು. "ಬಾಯಿ ಇಲ್ದೋಳು ಅಂತಿದ್ರು ಎಲ್ಲ. ಇವತ್ತೇ ಬಂತಾ ಬಾಯಿ, ನನ್ನ ಮೇಲೆ? ಹದಿನೆಂಟು ವರ್ಷ ಅವ್ರ ಜೊತೆ ಕಾಡು ಸುತ್ತಿದೋನು ನಾನು. ಮೊನ್ನೆ ಒಂದೂವರೆ ಮೈಲಿ ಬೆನ್ನ ಮೇಲೆ ಹೊತ್ಕೊಂಡು ಜೀಪಿಗೆ ತಂದಿದೀನಿ."

"ಮೆತ್ತಗೆ," ಎಂದಳು ಲಿಖಿತಾ, ಮಹಡಿಯ ಕಡೆ ನೋಡುತ್ತ. "ಈ ಬಾಟ್ಲಿ ಕೆಟ್ಟಿದೆ ಅಂತ ಮೇಡಂ ವರದಿ ಸುಳ್ಳು ಮಾಡ್ತಿದಾರೆ ಅಣ್ಣ. ಇವತ್ತು ಸಂಜೆ ಟ್ಯಾಂಕ್ ಬಿಡ್ತಾರೆ. ನಮ್ಮಕ್ಕ ಅಲ್ಲೇ ಇದಾಳೆ. ನಿಂಗೆ ಗೊತ್ತು. ಅವಳ ಮದ್ವೆಗೆ ಜೀಪು ಓಡ್ಸಿದ್ದು ನೀನೇ."

ಕಪ್ಪಾಗಿ ನಿಂತ ಏಳನೆಯ ಕೊಳವೆಯ ಮೇಲೆ ದುಗ್ಗಪ್ಪನ ಕಣ್ಣು ಬಿತ್ತು. ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತ. ಸ್ಟೂಲು ಕಿರುಗುಟ್ಟಿತು.

"ಅದು ಚೌಡಿ ಜಾಗ ತಂಗಿ," ಎಂದ.

"ಒರತೆನಾ?"

"ಹೂಂ. ಕಲ್ಲು ಐತಲ್ಲ ಪಕ್ಕದಲ್ಲಿ, ಕುಂಕುಮ ಹಚ್ಚಿರೋದು. ಅವ್ಳನ್ನ ಕೇಳ್ದೆ ಆ ನೀರಿಗೆ ಪಾತ್ರೆ ಅದ್ದೋ ಹಂಗಿಲ್ಲ. ಕಲ್ಲಿಗೆ ನೀರು ಹೊಯ್ದು ಕೈ ಮುಗಿದು ಆಮೇಲೆ ಮುಟ್ಟೋದು. ಅವ್ಳ ನೀರನ್ನೇ ತೆಗ್ದು ಅವ್ಳಿಗೇ ಹೊಯ್ಯೋ ಹಂಗೂ ಇಲ್ಲ. ಬೇರೆ ಕಡೆ ನೀರು ತಗೊಂಡೇ ಹೋಗ್ಬೇಕು. ನಾನು ಯಾವಾಗ್ಲೂ ಮನೆಯಿಂದ ಒಂದು ತಂಬಿಗೆ ತಗೊಂಡೇ ಹೋಗ್ತೀನಿ. ಮೇಡಂ ಏನೂ ಅನ್ನಲ್ಲ, ನಗ್ತಾರೆ."

"ಮೊನ್ನೆ?"

"ಮೊನ್ನೆ ಬೆಳಿಗ್ಗೆ ಗಡಿಬಿಡಿ. ಮರ್ತೆ. ಅಲ್ಲಿ ಹೋಗಿ ನಿಂತಾಗ ನೆನಪಾಯ್ತು. ಮೇಡಂ ಬಂಡೆ ಮೇಲೆ ಕೂತು ಚೀಟಿ ಬರೀತಿದ್ರು. ಕೇಳ್ದೆ ಮುಟ್ಟಿದ್ರೆ ಏನಾಗ್ತದೋ ಅಂತ ನನ್ನೆದೆ ಹೊಡ್ಕೊಂತಿತ್ತು." ಅವನು ತಲೆ ತಗ್ಗಿಸಿದ. "ಪೆಟ್ಟಿಗೇಲಿ ಆ ಬಾಟ್ಲಿ ಕಾಣ್ತು. ಅದ್ರಲ್ಲಿ ಏನೂ ಇಲ್ಲ, ಇದಕ್ಕಿಂತ ಶುದ್ಧ ನೀರು ಈ ತಾಲ್ಲೂಕಲ್ಲೇ ಇಲ್ಲ ಅಂತ ಮೇಡಮ್ಮೇ ಹೇಳ್ತಿದ್ರಲ್ಲ. ಹಂಗಾದ್ರೆ ದೇವ್ರಿಗೆ ಅದಕ್ಕಿಂತ ಒಳ್ಳೇದು ಎಂತ ಕೊಡೋದು? ಪೂರಾ ಹೊಯ್ದುಬಿಟ್ಟೆ."

ಲಿಖಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆದರೆ ಮೇಲೆ ಪ್ರಿಂಟರ್ ಇನ್ನೊಮ್ಮೆ ಕೆಮ್ಮಿತು.

"ಆಮೇಲೆ?"

"ಆಮೇಲೆ ಖಾಲಿ ಬಾಟ್ಲಿ ಕೈಯಲ್ಲಿ. ಮೇಡಂ ನೋಡಿದ್ರೆ? ದೇವ್ರ ಸಿಟ್ಟಿಗಿಂತ ಅವ್ರ ಮೌನ ಜಾಸ್ತಿ ತಂಗಿ, ನಿಂಗೆ ಗೊತ್ತಲ್ಲ. ಏನಾದ್ರೂ ತುಂಬ್ಬೇಕಿತ್ತು."

"ಒರತೆ ನೀರು ತುಂಬ್ಲಿಲ್ವಾ?"

"ಅಷ್ಟು ದಡ್ಡನಾ ನಾನು?" ದುಗ್ಗಪ್ಪ ನೊಂದುಕೊಂಡವನಂತೆ ನೋಡಿದ. "ಒರತೆ ಕೆಟ್ಟಿದೆ ಅಂತಾನೇ ಅಲ್ವಾ ನಾವು ಹೋಗಿದ್ದು. ಅದನ್ನ ತುಂಬಿದ್ರೆ ಇಲ್ಲಿ ಬಣ್ಣ ಬಂದು ಸಿಕ್ಕಿಬೀಳ್ತೀನಿ. ಒಳ್ಳೆ ನೀರೇ ತುಂಬಿದೆ. ಇಲ್ಲಿದೇ. ನಮ್ಮ ಲ್ಯಾಬಿನ ಕುಡಿಯೋ ನೀರು."

"ಅಲ್ಲಿ ಇಲ್ಲಿಯ ನೀರು ಎಲ್ಲಿಂದ ಬಂತು?"

"ಮೇಡಂ ಫ್ಲಾಸ್ಕಿಂದ."

ಲಿಖಿತಾ ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಗುಡ್ಡ ಹತ್ತಿದ ಕೂಡ್ಲೆ ಅರ್ಧ ಕುಡ್ದಿದ್ರು ಅವ್ರು, ಒಂದೇ ಉಸ್ರಿಗೆ. ಮುಖ ಹಿಂಡ್ಕೊಂಡು, 'ಲಿಖಿತಾ ಇವತ್ತು ಫ್ಲಾಸ್ಕ್ ಸರಿ ತೊಳ್ದಿಲ್ಲ ಕಣೋ' ಅಂದ್ರು. ಉಳಿದ ಅರ್ಧ ಹಂಗೇ ಇತ್ತು. ಬಂಡೆ ಮರೇಲಿ ನಿಂತು ಬಾಟ್ಲಿಗೆ ಬಗ್ಗಿಸ್ದೆ. ಸರಿಯಾಗಿ ತುಂಬ್ತು. ಅವ್ರು ಆರೂ ಬಾಟ್ಲಿ ತುಂಬಿಸ್ಕೊಂಡು ಎದ್ದೋರು ಹೊಟ್ಟೆ ಹಿಡ್ಕೊಂಡ್ರು..." ಅವನ ದನಿ ಒಡೆಯಿತು. "ಚೌಡಿಗೆ ಆ ನೀರು ಸರಿ ಬರ್ಲಿಲ್ಲ ತಂಗಿ. ನನ್ನಿಂದಾನೇ ಆಗಿದ್ದು ಇದೆಲ್ಲ."

ಅವನು ಇನ್ನೂ ಏನೋ ಹೇಳುತ್ತಿದ್ದ. ಲಿಖಿತಾಳಿಗೆ ಕೇಳಲಿಲ್ಲ. ಅವಳು ಗಾಜಿನ ಪಟ್ಟಿಯ ಮೇಲಿನ ಬಿಳಿ ಉಂಗುರವನ್ನು ನೋಡುತ್ತಿದ್ದಳು. ಆಮೇಲೆ ಬಾಗಿಲ ಬಳಿಯ ಮಡಕೆಯನ್ನು, ಅದರ ಮುಚ್ಚಳದ ಮೇಲೆ ಕವುಚಿಟ್ಟ ಲೋಟವನ್ನು. ಹಿತ್ತಲ ಬೋರ್‌ವೆಲ್ಲಿನ ಗಡಸು ನೀರು ಅದು. ಆ ಲೋಟದ ತಳದ ಉಂಗುರವನ್ನೇ ಅವಳು ಒಂಬತ್ತು ವರ್ಷದಿಂದ ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದಳು.

ಬೋರ್‌ವೆಲ್ಲಿನಲ್ಲಿ ಹಳದಿ ಇಲ್ಲ. ಮೇಡಂ ತಿಂಗಳು ತಿಂಗಳೂ ನೋಡುತ್ತಾರೆ. ಹಳದಿ ಸೇರಿದ್ದು ಫ್ಲಾಸ್ಕಿನಲ್ಲಿ. ಜಾಡಿಯಲ್ಲಿ ಒಂದು ಬೆರಳು ಇಳಿದದ್ದು ಅಲ್ಲಿಗೇ ಹೋಗಿತ್ತು. ಮೇಡಂ ಬಿದ್ದು ಕಿಡ್ನಿ ಕೆಟ್ಟದ್ದಲ್ಲ. ಆ ನೀರು ಕುಡಿದು ಬಿದ್ದದ್ದು.

ಆ ಫ್ಲಾಸ್ಕನ್ನು ಅವತ್ತೇ ಸಂಜೆ ಶ್ರೀಕರ ಅವಳ ಕೈಗೆ ಕೊಟ್ಟಿದ್ದ. 'ವಾಂತಿ ಗೀಂತಿ ಆಗಿದೆ. ಸೋಪು ಹಾಕಿ ಚೆನ್ನಾಗಿ ತೊಳಿ.' ಅವಳು ಮೂರು ಸಲ ತೊಳೆದಿದ್ದಳು. ಅಳುತ್ತ ತೊಳೆದಿದ್ದಳು.

ಅಂದರೆ ಆ ನೀರು ಉಳಿದಿರುವುದು ಈಗ ಒಂದೇ ಕಡೆ. ದುಗ್ಗಪ್ಪ ಹೆದರಿ ತುಂಬಿದ ಈ ಬಾಟಲಿಯಲ್ಲಿ. ಅದು ಇಲ್ಲಿದೆ ಎಂದು ಶ್ರೀಕರನಿಗೂ ಗೊತ್ತಿರಲಿಲ್ಲ. ಏಳನೆಯ ಕೊಳವೆ ಬಣ್ಣ ತಿರುಗಿದಾಗ ಅವನ ಕೈ ನಿಂತದ್ದು ಅದಕ್ಕೆ.

ಮಹಡಿಯ ಮೇಲೆ ಪ್ರಿಂಟರ್ ನಿಂತಿತು.

ಕುರ್ಚಿ ಸರಿದ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ.

ಲಿಖಿತಾ ಯೋಚಿಸಲಿಲ್ಲ. ಬಾಟಲಿಯ ಮುಚ್ಚಳ ಬಿಗಿದು, ಮೇಡಂ ಬರೆದು ಅಂಟಿಸಿದ್ದ ಚೀಟಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಗೋಡೆಯ ಕಪಾಟಿನಲ್ಲಿ ಮುಂದಿನ ವಾರಕ್ಕೆಂದು ಅವಳೇ ತುಂಬಿಟ್ಟ ಹನ್ನೆರಡು ಬ್ಲಾಂಕುಗಳು ಸಾಲಾಗಿ ನಿಂತಿದ್ದವು. ಅದೇ ಮಾಸಲು ಬಿಳಿ, ಅದೇ ಮುಚ್ಚಳ. ಅವುಗಳ ನಡುವೆ ಇದನ್ನೂ ತಳ್ಳಿದಳು. ಹದಿಮೂರಾಯಿತು. ಪಿಂಗಾಣಿ ಬಟ್ಟಲನ್ನು ತೊಟ್ಟಿಯ ಕೆಳಗೆ ಸರಿಸುವಷ್ಟರಲ್ಲಿ ಶ್ರೀಕರ ಕೊನೆಯ ಮೆಟ್ಟಿಲ ಮೇಲಿದ್ದ.

ಅವನ ಕೈಯಲ್ಲಿ ಅಂಟಿಸಿದ ಲಕೋಟೆ.

"ಓ, ದುಗ್ಗಪ್ಪ, ಬಂದ್ಯಾ? ಒಳ್ಳೇದೇ ಆಯ್ತು. ಇದನ್ನ ತಗೊಂಡು ಈಗಲೇ ಗುಬ್ಬಿಹಕ್ಲು ಪಂಚಾಯ್ತಿಗೆ ಹೊರಡು."

"ವಿನೋದ್ ಸಾಹೇಬ್ರು ನಾಲ್ಕಕ್ಕೆ..." ದುಗ್ಗಪ್ಪ ತಡವರಿಸಿದ.

"ಸಾಹೇಬ್ರಿಗೆ ನಾನು ಹೇಳ್ತೀನಿ. ಜನ ಬಾಯಿ ಬಿಟ್ಕೊಂಡು ಕಾಯ್ತಿರೋವಾಗ ನಾಲ್ಕು ಗಂಟೆ ತನಕ ಎಂತಕ್ಕೆ? ಹೋಗ್ತಾ ಇರು."

ದುಗ್ಗಪ್ಪ ಲಕೋಟೆಯನ್ನು ನೋಡಿದ. ಲಿಖಿತಾಳನ್ನು ನೋಡಿದ. ಬೇಡ ಅಣ್ಣ, ಹೋಗಬೇಡ, ಕೊಡಬೇಡ ಎಂದು ಅವಳ ಮೈಯೆಲ್ಲ ಕೂಗುತ್ತಿತ್ತು. ಬಾಯೊಳಗೆ ಒದ್ದೆಯಾದ ಕಾಗದದ ಉಂಡೆ. ಶಾಲೆಯಲ್ಲಿ ಅವಳ ಪರವಾಗಿ ಕೂಗುತ್ತಿದ್ದ ಹುಡುಗಿಯೂ ಈಗ ಪಕ್ಕದಲ್ಲಿರಲಿಲ್ಲ.

ಹದಿನೆಂಟು ವರ್ಷ ಹೇಳಿದ ಕಡೆ ಜೀಪು ಓಡಿಸಿದವನು ಲಕೋಟೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ಜೀಪು ಶುರುವಾಯಿತು. ತಿರುವಿನವರೆಗೆ ಅದರ ಸದ್ದನ್ನು ಅವಳು ಕಿವಿಯಲ್ಲಿ ಹಿಡಿದಿಟ್ಟುಕೊಂಡಳು. ಆಮೇಲೆ ಅದೂ ಜಾರಿತು.

ಶ್ರೀಕರ ಮುಂಬಾಗಿಲಿನ ಷಟರನ್ನು ಎಳೆದ.

"ಎಂಥ ಬಿಸಿಲು," ಎಂದ.

ಮಬ್ಬಿನಲ್ಲಿ ಅವನು ಮೇಜಿನತ್ತ ಬಂದು ಬಾಟಲಿಗಳನ್ನು ಎಣಿಸಿದ. ತುಟಿಯಲ್ಲೇ ಎಣಿಸಿದ. ಆರಕ್ಕೆ ನಿಂತ.

"ಏಳನೇದು?"

ಲಿಖಿತಾ ಕಾಗದದ ಉಂಡೆಯನ್ನು ನುಂಗಿದಳು. ಗಂಟಲು ಗೀರಿಕೊಂಡು ಇಳಿಯಿತು.

"ತೊಳ್ದೆ."

ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಶ್ರೀಕರ ತೊಟ್ಟಿಯ ಬಳಿಗೆ ಬಂದ. ಬಗ್ಗಿ ನೋಡಿದ. ಎರಡು ಬೆರಳಿನಿಂದ ಅದರ ತಳವನ್ನು ಸವರಿ, ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡ.

"ತೊಟ್ಟಿ ಒಣಗಿದೆಯಲ್ಲೇ," ಎಂದ, ಬಹಳ ಮೆತ್ತಗೆ.

ಬಿಸಿ ತಟ್ಟೆಯ ಮೇಲೆ ಮೂರು ಗಾಜಿನ ಪಟ್ಟಿಗಳು ಹಾಗೇ ಇದ್ದವು. ಅವಳು ಅವನ್ನು ಮರೆತಿದ್ದಳು. ಅವನ ಕಣ್ಣು ಅಲ್ಲಿಗೆ ಹೋಯಿತು, ಮೂರನೆಯದರ ಮೇಲೆ ನಿಂತಿತು. ಆಮೇಲೆ ಕಿತ್ತಳೆ ಹರಳಿನ ಜಾಡಿಯನ್ನು ಎತ್ತಿಕೊಂಡು ಬಾಗಿಲ ಬಳಿಯ ಮಡಕೆಯತ್ತ ನಡೆದ.

ಕಟ್ಟೆಯ ಮೇಲಿದ್ದ ವಿನೋದರ ಚೀಟಿ ಈಗ ಅವಳ ಮುಷ್ಟಿಯಲ್ಲಿತ್ತು. ಫೋನು ಮಡಕೆಯ ಪಕ್ಕದ ಕಿಟಕಿಯ ಮೇಲೆ, ಶ್ರೀಕರನ ಆಚೆ. ಗಡಿಯಾರದಲ್ಲಿ ಮೂರೂ ಹತ್ತು.

ಅವನು ಅವಳಿಗೆ ಬೆನ್ನು ಹಾಕಿ ನಿಂತಿದ್ದ. ಮಡಕೆಯ ಮುಚ್ಚಳ ಎತ್ತಿದ ಸದ್ದು. ನೀರು ಬಗ್ಗಿಸಿದ ಸದ್ದು. ಅವನ ಮೊಣಕೈ ಒಂದೆರಡು ಸಲ ಅಲುಗಿತು. ಅವನ ಕೈಗಳು ಮಾತ್ರ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಅವಳಿಗೆ ಕಾಣಲಿಲ್ಲ.

ತಿರುಗಿದಾಗ ಅವನ ಕೈಯಲ್ಲಿ ಲೋಟವಿತ್ತು. ತುಂಬ ಎಚ್ಚರದಿಂದ, ಒಂದು ಹನಿಯೂ ಚೆಲ್ಲದ ಹಾಗೆ ತಂದು ಅವಳ ಮುಂದೆ ಹಿಡಿದ.

"ಬಾಯಿ ಒಣಗಿದೆ ನೋಡು ನಿಂಗೆ. ಮೊದ್ಲು ಇದನ್ನ ಕುಡಿ. ಆಮೇಲೆ ಆ ಬಾಟ್ಲಿ ಎಲ್ಲಿದೆ ಅಂತ ನಿಧಾನಕ್ಕೆ ಮಾತಾಡೋಣ."

ಲಿಖಿತಾ ಲೋಟದೊಳಗೆ ನೋಡಿದಳು. ಸ್ಟೀಲಿನ ಲೋಟ. ನೀರು ಬರೀ ನೀರಿನ ಹಾಗೆಯೇ ಕಾಣುತ್ತಿತ್ತು.